ಹಾಜರಿ ಪುಸ್ತಕ ಇನ್ನೂ ಮೇಜಿನ ಮೇಲೆಯೇ ಇದೆ

ಪ್ರಶ್ನೆ: ನಮ್ಮದು ಐದು ಶಾಖೆಗಳಿರುವ ಸಹಕಾರಿ ಸಂಘ. ಸಿಬ್ಬಂದಿಯ ಹಾಜರಿ, ರಜೆ, ಸಂಬಳದ ಲೆಕ್ಕಕ್ಕೆಂದು ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ತಂದರು. ಹಾಜರಿ ಪುಸ್ತಕ ಮಾತ್ರ ನಿಂತಿಲ್ಲ. ಎರಡರಲ್ಲೂ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ತಪ್ಪಿರುವುದು ಎಲ್ಲಿ?
— ಗುಮಾಸ್ತರೊಬ್ಬರು, ಬದಿಯಡ್ಕ

ಉತ್ತರ: ಎರಡು ಕಡೆ ಬರೆಸುತ್ತಿದ್ದಾರೆ ಎಂದರೆ ಗಣಕದೊಳಗಿನ ಮಾಹಿತಿಯನ್ನು ಸಂಘ ಇನ್ನೂ ನಂಬಿಲ್ಲ ಎಂದೇ ಅರ್ಥ. ಮಾಹಿತಿ ವ್ಯವಸ್ಥೆಗಳ ಯಶಸ್ಸನ್ನು ಅಳೆಯಲು ಡಿಲೋನ್ ಮತ್ತು ಮೆಕ್ಲೀನ್ ಎಂಬ ವಿದ್ವಾಂಸರು 1992ರಲ್ಲಿ ರೂಪಿಸಿ 2003ರಲ್ಲಿ ಪರಿಷ್ಕರಿಸಿದ ಮಾದರಿಯಲ್ಲಿ ಸಾಫ್ಟ್‌ವೇರಿನ ಗುಣಮಟ್ಟ, ಅದರಲ್ಲಿ ತುಂಬಿದ ಮಾಹಿತಿಯ ಗುಣಮಟ್ಟ, ತೊಡಕಾದಾಗ ಸಿಗುವ ನೆರವಿನ ಗುಣಮಟ್ಟ ಇವು ಮೂರೂ ಬೇರೆ ಬೇರೆ. ಕೊಳ್ಳುವಾಗ ಆಡಳಿತ ಮಂಡಳಿ ನೋಡುವುದು ಮೊದಲನೆಯದನ್ನು; ಕೆಡುವುದು ಹೆಚ್ಚಾಗಿ ಎರಡನೆಯದು.

ನಮ್ಮ ಕಾಸರಗೋಡಿನಲ್ಲಂತೂ ಎಡವುವುದು ಹೆಸರಿನಲ್ಲೇ. ಐತಪ್ಪ ಎಂಬವರ ಶಾಲಾ ಸರ್ಟಿಫಿಕೇಟಿನಲ್ಲಿ ಮನೆಹೆಸರಿನ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ. ಒಂದರಲ್ಲಿ ಇಂಗ್ಲಿಷಿನ ‘ಟಿ’ ಆದ ಮೇಲೆ ‘ಎಚ್’ ಇದೆ, ಇನ್ನೊಂದರಲ್ಲಿಲ್ಲ. ಪಾಸ್‌ಬುಕ್ಕಿನಲ್ಲಿ ಮಲಯಾಳದ ಮೂಲಕ ಇಳಿದು ಬಂದ ಮೂರನೆಯ ರೂಪ. ಹಾಜರಿ ಪುಸ್ತಕಕ್ಕೆ ಇದರಿಂದ ಬಾಧೆಯಿಲ್ಲ, ಏಕೆಂದರೆ ಅದನ್ನು ನೋಡುವವರಿಗೆ ಐತಪ್ಪನವರ ಪರಿಚಯವಿದೆ. ಗಣಕಕ್ಕೆ ಇಲ್ಲ. ಭವಿಷ್ಯನಿಧಿಯ ಯುಎಎನ್ (ಸದಸ್ಯರ ಖಾತೆ ಸಂಖ್ಯೆ) ದಾಖಲೆಗೂ ಆಧಾರಿಗೂ ಹೆಸರು, ಜನ್ಮದಿನಾಂಕ ತಾಳೆಯಾಗದೆ ಹಣದ ಅರ್ಜಿ ತಿರಸ್ಕೃತವಾದರೆ, ದೂರು ಬೀಳುವುದು ಸಾಫ್ಟ್‌ವೇರಿನ ಮೇಲೆ. ಆದ್ದರಿಂದ ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೂಲ ದಾಖಲೆ ನೋಡಿ ತಿದ್ದಿ, ಅವರ ಸಹಿ ಪಡೆಯಿರಿ. ಬೇಸರದ ಕೆಲಸವೇ ಸರಿ. ಆದರೆ ಮಾರಾಟಗಾರರು ಇದನ್ನು ಮಾಡಿಕೊಡುವುದಿಲ್ಲ.

ಸಾಫ್ಟ್‌ವೇರ್ ಬಳಕೆಯನ್ನು ಕಡ್ಡಾಯ ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಕೇರಳ ಸರಕಾರದ ನೌಕರರ ಸಂಬಳದ ಬಿಲ್ ತಯಾರಾಗುವುದೇ ‘ಸ್ಪಾರ್ಕ್’ ವ್ಯವಸ್ಥೆಯಲ್ಲಿ. ಅದರಲ್ಲಿ ತಮಗಿರುವ ಪೆನ್ ನಂಬರ್ (ನೌಕರರ ಕಾಯಂ ಸಂಖ್ಯೆ) ಗೊತ್ತಿಲ್ಲದ ಸರಕಾರಿ ಅಧ್ಯಾಪಕರು ನಿಮಗೆ ಸಿಗಲಾರರು. ಆದರೆ ಹೀಗೆ ಬಳಸದೆ ವಿಧಿಯಿಲ್ಲದ ಕಡೆ ಎಷ್ಟು ಮಂದಿ ಬಳಸುತ್ತಾರೆ ಎಂಬುದು ಅಳತೆಯಾಗುವುದಿಲ್ಲ. ರಜೆ ಎಷ್ಟು ಉಳಿದಿದೆ ಎಂದು ಕೇಳಲು ನಿಮ್ಮ ಮೇಜಿಗೆ ಬರುವವರು ಕಡಿಮೆಯಾದರೇ ಎಂಬುದೇ ಅಳತೆ. ಅದಕ್ಕಾಗಿ ರಜೆಯ ಬಾಕಿಯೂ ಸಂಬಳದ ಚೀಟಿಯೂ ಅವರವರ ಮೊಬೈಲಿನಲ್ಲಿ, ಕನ್ನಡ ಮಲಯಾಳ ಎರಡರಲ್ಲೂ ಕಾಣಬೇಕು.

ಪುಸ್ತಕವನ್ನು ನಾಳೆಯೇ ಮುಚ್ಚಬೇಡಿ. ಎರಡು ತಿಂಗಳ ಸಂಬಳವನ್ನು ಎರಡೂ ಕಡೆ ಲೆಕ್ಕ ಹಾಕಿ, ಪೈಸೆ ಸಹಿತ ತಾಳೆಯಾದ ಮೇಲೆ, ಲೆಕ್ಕಪರಿಶೋಧಕರ ಒಪ್ಪಿಗೆ ಪಡೆದು ನಿಲ್ಲಿಸಿ. ಆದೇಶ ಕಾರ್ಯದರ್ಶಿಯವರ ಸಹಿಯಲ್ಲೇ ಇರಲಿ. ಅವರ ರಜೆ ಅರ್ಜಿಯೂ ಅದೇ ಸಾಫ್ಟ್‌ವೇರಿನಲ್ಲಿ ಬರಲಿ.