ಆ ಸೋಲಿನ ಬಗ್ಗೆ ಕೇಳಿದ್ದೀರಿ

ಟೊರಾಂಟೊಗೆ ಬಂದು ಮೂರು ತಿಂಗಳಾಯಿತು ಎಂದು ಬರೆದಿದ್ದೀರಿ. ಅಕ್ಟೋಬರ್ ತಿಂಗಳಿಡೀ ಆಫೀಸಿನಲ್ಲಿ ಬೇಸ್‌ಬಾಲ್ ಬಿಟ್ಟು ಬೇರೆ ಮಾತೇ ಇರಲಿಲ್ಲ, ಈ ಊರಿನ ತಂಡ ಬ್ಲೂ ಜೇಸ್ ಸೋತ ಮೇಲಿನ ಸೋಮವಾರ ಎಲ್ಲರೂ ಸೂತಕದ ಮನೆಯಲ್ಲಿ ಕೂತವರ ಹಾಗಿದ್ದರು, ‘ಒಂದು ಆಟ ತಾನೆ, ಬಿಡಿ’ ಎಂದು ಸಮಾಧಾನ ಹೇಳಲು ಹೋದರೆ ಪಕ್ಕದ ಮೇಜಿನವರ ಮುಖ ಇನ್ನಷ್ಟು ಬಾಡಿತು ಎಂದೂ ಬರೆದಿದ್ದೀರಿ. ಇಲ್ಲಿಯ ಜನ ಮನಸ್ಸಿನಲ್ಲಿರುವುದನ್ನು ಹೊರಗೆ ತೋರಿಸುವವರಲ್ಲ ಎಂದು ಕೇಳಿಕೊಂಡು ಬಂದ ನಿಮಗೆ ಇದು ಒಗಟಾಗಿದೆ. ಆಟವೇ ಗೊತ್ತಿಲ್ಲದವರು ಇದರೊಳಗೆ ಹೇಗೆ ಸೇರಿಕೊಳ್ಳಬೇಕು, ಸೇರಿಕೊಳ್ಳಲೇಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಾನು ಇಲ್ಲಿಗೆ ಬಂದದ್ದು 2003ರಲ್ಲಿ. ತಂಡ ಸೋತ ಆ ರಾತ್ರಿ ನಾನು ಕ್ರೀಡಾಂಗಣದ ಒಳಗೇ ಇದ್ದೆನಾದ್ದರಿಂದ, ಬುದ್ಧಿವಾದ ಹೇಳುವುದಕ್ಕಿಂತ ಅಲ್ಲಿ ಕಂಡದ್ದನ್ನು ಹೇಳುವುದೇ ಸರಿಯಾದ ಉತ್ತರ ಎಂದು ತೋರುತ್ತದೆ.

ಅಂದು 2025ರ ನವೆಂಬರ್ 1, ಶನಿವಾರ, ನಮ್ಮ ರಾಜ್ಯೋತ್ಸವದ ದಿನ. ಮಧ್ಯಾಹ್ನ ನಾಲ್ಕಾರು ಕನ್ನಡದ ಸಂಸಾರಗಳು ನಮ್ಮ ಮನೆಯಲ್ಲಿ ಸೇರಿದ್ದವು. ಊಟ ಮುಗಿಸಿ, ಬಿಸಿಬೇಳೆಬಾತಿನ ಪಾತ್ರೆ ತೊಳೆದಿಟ್ಟು, ಹಳದಿ ಕೆಂಪಿನ ಶಾಲು ಮಡಿಸಿ, ಮಗಳ ನೀಲಿ ಅಂಗಿ ತೊಟ್ಟು ಸಂಜೆ ರೈಲು ಹತ್ತಿದೆ. ಆ ಪಂದ್ಯದ ಟಿಕೆಟ್ ಕೊಳ್ಳುವುದು ನನ್ನಂಥವರಿಗೆ ಸಾಧ್ಯವಿರಲಿಲ್ಲ. ನನ್ನ ಜೊತೆ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತರಾಗಿರುವ ಯಜಮಾನರೊಬ್ಬರು ಪ್ರತಿ ವರ್ಷವೂ ಇಡೀ ಸೀಸನ್ನಿಗೆ ಎರಡು ಸೀಟು ಇಟ್ಟುಕೊಳ್ಳುತ್ತಾರೆ. ಮಗನಿಗೆ ಬರಲಾಗದ ಕಾರಣ ಎರಡನೆಯ ಸೀಟಿಗೆ ನನ್ನನ್ನು ಕರೆದರು.

ಆ ದಿನದ ತೂಕ ಏನೆಂಬುದನ್ನು ಮೊದಲು ತಿಳಿದುಕೊಳ್ಳಿ. ವರ್ಲ್ಡ್ ಸೀರೀಸ್ ಎಂದರೆ ಏಳು ಪಂದ್ಯಗಳಲ್ಲಿ ಮೊದಲು ನಾಲ್ಕನ್ನು ಗೆದ್ದವರಿಗೆ ಪಟ್ಟ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡವೂ ನಮ್ಮ ತಂಡವೂ ಮೂರು ಮೂರು ಗೆದ್ದು ಕೊನೆಯ ಪಂದ್ಯಕ್ಕೆ ನಮ್ಮ ರಾಜರ್ಸ್ ಸೆಂಟರಿನಲ್ಲಿ ಎದುರಾಗಿದ್ದವು. ಬ್ಲೂ ಜೇಸ್ 1992 ಮತ್ತು 1993ರಲ್ಲಿ ಗೆದ್ದದ್ದು ಬಿಟ್ಟರೆ, ಆಮೇಲಿನ 32 ವರ್ಷ ಈ ಹಂತಕ್ಕೆ ಬಂದದ್ದೇ ಇಲ್ಲ. ಈ ಊರು ಪ್ರಾಣ ಬಿಡುವ ಐಸ್ ಹಾಕಿ ತಂಡವಾದ ಮೇಪಲ್ ಲೀಫ್ಸ್ ಕೊನೆಯ ಸಲ ಕಪ್ ಎತ್ತಿದ್ದು 1967ರಲ್ಲಿ. ನಿಮ್ಮ ಸಹೋದ್ಯೋಗಿಗಳಲ್ಲಿ ಐವತ್ತರ ಒಳಗಿನವರು ಯಾರೂ ಆ ಹಾಕಿ ಕಪ್ಪನ್ನು ಕಣ್ಣಾರೆ ಕಂಡವರಲ್ಲ. ಅವರಿಗೆ ದಕ್ಕಬಹುದಾಗಿದ್ದ ಸಂತೋಷ ಅಂದು ಕೈಯಳತೆಯಲ್ಲಿತ್ತು.

ಯಜಮಾನರ ತೊಡೆಯ ಮೇಲೆ ಒಂದು ರಟ್ಟಿನ ಹಾಳೆ, ಕೈಯಲ್ಲೊಂದು ಗಿಡ್ಡ ಪೆನ್ಸಿಲ್ ಇದ್ದವು. ಬೇಸ್‌ಬಾಲಿನಲ್ಲಿ ಒಂಬತ್ತು ಆಟಗಾರರ ಸ್ಥಾನಗಳಿಗೆ ಒಂದೊಂದು ಅಂಕಿ ಇದೆ, ಚೆಂಡೆಸೆಯುವ ಪಿಚರ್ ಒಂದು, ಬ್ಯಾಟಿನವನ ಹಿಂದೆ ಕೂರುವ ಕ್ಯಾಚರ್ ಎರಡು, ಓಡುವವರು ಮುಟ್ಟಬೇಕಾದ ಮೊದಲ ಬೇಸನ್ನು ಕಾಯುವವನು ಮೂರು, ಹೀಗೆ. ಯಾರು ಚೆಂಡು ಹಿಡಿದು ಯಾರಿಗೆ ಎಸೆದು ಔಟ್ ಮಾಡಿದರೆಂಬುದನ್ನು ಅವರು ಪ್ರತಿಯೊಂದು ಬಾರಿಯೂ ಅಂಕಿಗಳಲ್ಲಿ ಬರೆದಿಡುತ್ತಾರೆ. 1993ರ ಅಕ್ಟೋಬರ್ 23ರಂದು ಜೋ ಕಾರ್ಟರ್ ಕೊನೆಯ ಹೊಡೆತದಲ್ಲೇ ಪಟ್ಟ ಗೆಲ್ಲಿಸಿದಾಗಲೂ ಅವರು ಇದೇ ಕಟ್ಟಡದಲ್ಲಿ ಹೀಗೆಯೇ ಬರೆಯುತ್ತಾ ಕೂತಿದ್ದರಂತೆ.

ಮೂರನೆಯ ಇನಿಂಗ್ಸ್‌ನಲ್ಲಿ ನಮ್ಮ ಬೋ ಬಿಶೆಟ್ ಮೊಣಕಾಲಿನ ನೋವನ್ನು ಹೊತ್ತುಕೊಂಡೇ ಬಂದು ಡಾಡ್ಜರ್ಸ್ ತಂಡದ ಒಹ್ತಾನಿಯ ಎಸೆತಕ್ಕೆ ಮೂರು ರನ್ನಿನ ಹೋಮ್ ರನ್ ಬಾರಿಸಿ, ಅಂದರೆ ಚೆಂಡನ್ನು ಗೋಡೆಯಾಚೆ ಕಳಿಸಿದಾಗ, ಮುಚ್ಚಿದ ಛಾವಣಿಯ ಕೆಳಗೆ 44 ಸಾವಿರಕ್ಕೂ ಹೆಚ್ಚು ಜನರ ಕೂಗು ಎದ್ದು, ಕಾಲ ಕೆಳಗಿನ ಕಾಂಕ್ರೀಟು ಅದುರುವುದು ನನ್ನ ಅಂಗಾಲಿಗೆ ತಿಳಿಯಿತು. ಹೆಸರು ಗೊತ್ತಿಲ್ಲದ ಒಬ್ಬ ಸಿಖ್ ಹುಡುಗ ಹಿಂದಿನ ಸಾಲಿನಿಂದ ಬಾಗಿ ನನ್ನ ಎರಡೂ ಕೈ ಹಿಡಿದು ಕುಲುಕಿದ. ಇದೇ ಸರಣಿಯ ಮೊದಲ ಪಂದ್ಯದಲ್ಲಿ ಒಹ್ತಾನಿ ಬ್ಯಾಟು ಹಿಡಿದು ಬಂದಾಗ ಇದೇ ಜನ ‘ನೀನು ನಮಗೆ ಬೇಕಿಲ್ಲ’ ಎಂದು ಒಕ್ಕೊರಲಿನಿಂದ ಕೂಗಿದ್ದರು. ಎರಡು ವರ್ಷದ ಹಿಂದೆ ಅವರು ಟೊರಾಂಟೊಗೆ ಬರಬಹುದೆಂದು ಊರೆಲ್ಲ ಕಾದು ಕೂತು, ಅವರು ಡಾಡ್ಜರ್ಸ್ ಕಡೆ ಹೋದದ್ದರ ನೋವು ಅದು. ಬೇಕಿಲ್ಲ ಎಂದು ಅಷ್ಟು ಜೋರಾಗಿ ಕೂಗುವವರಿಗೆ ಎಷ್ಟು ಬೇಕಾಗಿತ್ತು ಎಂಬುದು ಅದರಲ್ಲೇ ಇದೆ, ಅಲ್ಲವೇ?

ಆಮೇಲೆ ಎದುರಾಳಿಗಳು ಒಂದೊಂದೇ ರನ್ ಕೂಡಿಸುತ್ತಾ ಬಂದರು. ಎಂಟನೆಯ ಇನಿಂಗ್ಸ್ ಮುಗಿದಾಗ ನಮಗೆ 4, ಅವರಿಗೆ 3. ಸಮವಾಗದಿದ್ದರೆ ಒಂಬತ್ತನೆಯದೇ ಕೊನೆಯದು. ಅದರಲ್ಲಿ ಎದುರಾಳಿಗಳ ಒಬ್ಬ ಔಟಾಗಿ, ಇನ್ನು ಇಬ್ಬರು ಔಟಾದರೆ ಪಟ್ಟ ನಮ್ಮದು ಎಂಬಲ್ಲಿಗೆ ಬಂದಿತ್ತು. ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಬ್ಯಾಟಿಗೆ ಬಂದವರು ಮಿಗುಯೆಲ್ ರೋಹಾಸ್, ಸರದಿಯಲ್ಲಿ ಕೊನೆಯವರು, ದೊಡ್ಡ ಹೊಡೆತಕ್ಕೆ ಹೆಸರಾದವರಲ್ಲ. ಅವರು ಹೊಡೆದ ಚೆಂಡು ಎಡಗಡೆಯ ಗೋಡೆಯನ್ನು ದಾಟಿತು. ಆಟ 4-4ಕ್ಕೆ ಸಮವಾಯಿತು.

ಆ ಮೌನವನ್ನು ನಾನು ಮರೆಯಲಾರೆ. ಅಷ್ಟು ಜನ ಒಂದೇ ಕ್ಷಣದಲ್ಲಿ ಸುಮ್ಮನಾದರೆ ಕಿವಿ ಗುಂಯ್‌ಗುಡುತ್ತದೆ. ಕೆಳಗೆ ಡಾಡ್ಜರ್ಸ್ ಆಟಗಾರರು ಒಬ್ಬರನ್ನೊಬ್ಬರು ಕರೆಯುವ ದನಿ ನಮ್ಮ ಮೇಲಿನ ಅಂತಸ್ತಿನವರೆಗೂ ಕೇಳಿಸಿತು. ಮುಂದಿನ ಸಾಲಿನ ಹೆಂಗಸೊಬ್ಬರು ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡು ಹಾಗೆಯೇ ನಿಂತರು. ಎಷ್ಟೋ ಹೊತ್ತು ಇಳಿಸಲಿಲ್ಲ. ಯಜಮಾನರು ಹಾಳೆಯ ಮೇಲೆ ಒಂದು ಚೌಕ ತುಂಬಿ ಪೆನ್ಸಿಲಿನ ಮೊನೆಯನ್ನು ಉಗುರಿನಿಂದ ಒರೆಸಿಕೊಂಡರು, ಮಾತಾಡಲಿಲ್ಲ.

ಆದರೆ ಜನ ಮತ್ತೆ ಎದ್ದರು. ಅದೇ ಇನಿಂಗ್ಸ್‌ನ ನಮ್ಮ ಸರದಿಯಲ್ಲಿ ಮೂರೂ ಬೇಸುಗಳಲ್ಲಿ ನಮ್ಮವರು ನಿಂತು, ಒಬ್ಬರೇ ಔಟಾಗಿದ್ದಾಗ, ಒಂದೇ ಒಂದು ರನ್ ಬಂದರೂ ಸಾಕಿತ್ತು. ವಾರ್ಶೋ ಹೊಡೆದ ಚೆಂಡನ್ನು ಅದೇ ರೋಹಾಸ್ ಹಿಡಿದು, ಓಡುವವನು ಮುಟ್ಟಿದರೆ ರನ್ ಆಗುವ ಹೋಮಿಗೆ ಎಸೆದರು. ಮೂರನೆಯ ಬೇಸಿನಿಂದ ಜಾರಿಕೊಂಡು ಬಂದ ಕೈನರ್-ಫಲೇಫಾ ಕೂದಲೆಳೆಯಲ್ಲಿ ತಡವಾದರು. ದೊಡ್ಡ ಪರದೆಯ ಮೇಲೆ ಕ್ಯಾಚರಿನ ಪಾದ ಹೋಮ್ ಪ್ಲೇಟಿನ ಮೇಲೆ ಇದೆಯೋ ಇಲ್ಲವೋ ಎಂದು ತಿರುತಿರುಗಿ ತೋರಿಸುವಾಗ ಜನ ಪ್ರತಿ ಸಲವೂ ‘ಇಲ್ಲ, ಇಲ್ಲ’ ಎಂದು ಕೂಗುತ್ತಿದ್ದರು, ಕೂಗಿದರೆ ಆ ಪಾದ ಎತ್ತರಿಸೀತು ಎನ್ನುವ ಹಾಗೆ. ಮರುಕ್ಷಣವೇ ಕ್ಲೆಮೆಂಟ್ ಹೊಡೆದ ಚೆಂಡು ದೂರದ ಗೋಡೆಯತ್ತ ಹಾರಿತು. ನಮ್ಮ ಸಾಲಿನವರೆಲ್ಲ ಗೆದ್ದೆವೆಂದೇ ತಬ್ಬಿಕೊಂಡಿದ್ದರು. ಆಗಷ್ಟೇ ಮೈದಾನಕ್ಕೆ ಇಳಿದಿದ್ದ ಆಂಡಿ ಪಾಹೆಸ್ ಓಡಿ ಬಂದು, ತಮ್ಮದೇ ತಂಡದವನಿಗೆ ಡಿಕ್ಕಿ ಹೊಡೆದು ಬೀಳಿಸಿ, ಆ ಚೆಂಡನ್ನು ಹಿಡಿದುಬಿಟ್ಟರು. ತಬ್ಬಿದ್ದ ಕೈಗಳು ಹಾಗೆಯೇ ಸಡಿಲವಾದವು.

ಸಮವಾಗಿದ್ದರಿಂದ ಆಟ ಮುಂದುವರಿಯಿತು. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ವಿಲ್ ಸ್ಮಿತ್ ಹೋಮ್ ರನ್ ಹೊಡೆದು ಅವರನ್ನು ಮೊದಲ ಬಾರಿಗೆ ಮುಂದೆ ತಂದರು, 5-4. ನಮ್ಮ ಸರದಿಯಲ್ಲಿ ಗೆರೆರೊ ಎರಡನೆಯ ಬೇಸಿನವರೆಗೆ ಹೊಡೆದು ಮೂರನೆಯದನ್ನೂ ತಲುಪಿದ್ದರು, ಒಬ್ಬರೇ ಔಟಾಗಿದ್ದರು. ಎದುರಿಗೆ ಯಮಾಮೊಟೊ, ಹಿಂದಿನ ರಾತ್ರಿಯೇ 96 ಎಸೆತ ಹಾಕಿ ನಮ್ಮನ್ನು ಸೋಲಿಸಿ, ಮರುದಿನವೇ ಮತ್ತೆ ಬಂದು ನಿಂತವರು. ಅಲೆಹಾಂಡ್ರೊ ಕರ್ಕ್ ಅವರ ಬ್ಯಾಟು ಮುರಿದು, ಚೆಂಡು ಎರಡನೆಯ, ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ (ಅವರ ಅಂಕಿ ಆರು) ಮೂಕಿ ಬೆಟ್ಸ್ ಕೈಗೆ ಉರುಳಿತು. ಅವರು ಎರಡನೆಯ ಬೇಸನ್ನು ತುಳಿದು ಮೊದಲ ಬೇಸಿಗೆ ಎಸೆದರು. ಒಂದೇ ಹೊಡೆತಕ್ಕೆ ನಮ್ಮ ಇಬ್ಬರು ಔಟ್, ಆಟ ಮುಗಿಯಿತು. ಯಜಮಾನರು ಕೊನೆಯ ಚೌಕದಲ್ಲಿ ‘6-3’ ಎಂದು ಬರೆದರು. ಕೈ ನಡುಗಿದ್ದರಿಂದ ಮೂರು ಎಂಟಿನ ಹಾಗೆ ಕಂಡಿತು. ಅದನ್ನು ಅಳಿಸಿ, ಸರಿಯಾಗಿ ತಿದ್ದಿ ಬರೆದು, ಹಾಳೆ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು.

ಎದ್ದು ಹೋಗುವ ಅವಸರ ಯಾರಿಗೂ ಇರಲಿಲ್ಲ. ಕೆಲವರು ಅಳುತ್ತಿದ್ದರು, ದೊಡ್ಡ ಗಂಡಸರು, ಮರೆಮಾಚದೆ. ಮೈದಾನದಲ್ಲಿ ಎದುರಾಳಿಗಳ ಸಂಭ್ರಮ ನಡೆಯುತ್ತಿದ್ದರೂ ನಮ್ಮ ಸಾಲಿನವರು ನಮ್ಮ ಆಟಗಾರರು ಒಳಗೆ ಹೋಗುವವರೆಗೆ ಚಪ್ಪಾಳೆ ತಟ್ಟಿದರು. ಯೂನಿಯನ್ ಸ್ಟೇಷನ್ನಿಗೆ ಹೋಗುವ ಸ್ಕೈವಾಕಿನಲ್ಲಿ ಸಾವಿರಾರು ಜನರ ಕಾಲಿನ ಸದ್ದು ಮಾತ್ರ ಕೇಳುತ್ತಿತ್ತು. ಯಾರೋ ಒಬ್ಬರು ಏಳು ಪಂದ್ಯಗಳನ್ನೂ ಕೂಡಿಸಿದರೆ ನಾವು 34 ರನ್, ಅವರು 26 ಎಂದು ಲೆಕ್ಕ ಹೇಳುತ್ತಿದ್ದರು; ಪಕ್ಕದಲ್ಲಿದ್ದವರು ತಲೆಯಾಡಿಸಿದರೇ ಹೊರತು ಉತ್ತರ ಕೊಡಲಿಲ್ಲ. ಆ ರಾತ್ರಿಯೇ 2 ಗಂಟೆಗೆ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಿದ್ದರಿಂದ, ಊರಿನವರೆಲ್ಲ ಆ ಸೋಲಿನೊಂದಿಗೆ ಇನ್ನೊಂದು ಗಂಟೆ ಹೆಚ್ಚು ಕಳೆಯಬೇಕಾಯಿತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ಬೆಂಗಳೂರಿನಿಂದ ಬಂದವರು. 2016ರ ಮೇ 29ರಂದು ಚಿನ್ನಸ್ವಾಮಿಯಲ್ಲಿ ನಡೆದ ಐಪಿಎಲ್ ಫೈನಲ್ ನಿಮಗೆ ನೆನಪಿರಲೇಬೇಕು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ರನ್ ಕೂಡಿಸಿಕೊಟ್ಟ ಮೇಲೂ ನಮ್ಮ ಆರ್‌ಸಿಬಿ ನಮ್ಮದೇ ಮೈದಾನದಲ್ಲಿ ಎಂಟು ರನ್ನಿನಿಂದ ಸೋತಿತು. ಮರುದಿನ ಬೆಳಿಗ್ಗೆ ಬೇರೆ ಊರಿನವರೊಬ್ಬರು ಬಂದು ‘ಒಂದು ಆಟ ತಾನೆ, ಬಿಡಿ’ ಎಂದಿದ್ದರೆ ನಿಮಗೆ ಹೇಗಾಗುತ್ತಿತ್ತು? ಅವರ ಉದ್ದೇಶ ಒಳ್ಳೆಯದೇ ಎಂದು ತಿಳಿದಿದ್ದರೂ, ಇವರು ನಮ್ಮವರಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ನಿಮ್ಮ ಸಹೋದ್ಯೋಗಿಯ ಮುಖದಲ್ಲಿ ನೀವು ಕಂಡದ್ದು ಅದನ್ನೇ. ಅದು ಸಿಟ್ಟಲ್ಲ, ನೀವು ಹೆದರಬೇಕಾಗಿಲ್ಲ.

ಆಟ ಗೊತ್ತಿದೆಯೆಂದು ನಟಿಸಬೇಡಿ. ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅದು ನಿಮಗೂ ಶೋಭೆಯಲ್ಲ. ಆದರೆ ‘ಆ ರಾತ್ರಿ ನೀವು ಎಲ್ಲಿ ಕೂತು ನೋಡಿದಿರಿ?’ ಎಂದು ಒಮ್ಮೆ ಕೇಳಿ ನೋಡಿ. ಮಗನನ್ನು ಮಲಗಿಸದೆ ಎಚ್ಚರವಾಗಿ ಕೂರಿಸಿದ್ದು, ತೀರಿಹೋದ ತಂದೆಯ ಜೊತೆ 1993ರಲ್ಲಿ ನೋಡಿದ್ದು, ಒಂಬತ್ತನೆಯ ಇನಿಂಗ್ಸ್‌ನಲ್ಲಿ ಎದ್ದು ಅಡುಗೆಮನೆಗೆ ಹೋದದ್ದೇ ತಪ್ಪಾಯಿತೆಂದು ಈಗಲೂ ಕೊರಗುವುದು, ಇಂಥವೆಲ್ಲ ಹೊರಗೆ ಬರುತ್ತವೆ. ಬಂದ ಮೊದಲ ವರ್ಷಗಳಲ್ಲಿ ನಾನು ಹವಾಮಾನದ ಮಾತನ್ನೇ ಆಡಿಕೊಂಡು ಕಳೆದೆ. ಈ ಪ್ರಶ್ನೆ ಕೇಳಲು ಯಾರಾದರೂ ಹೇಳಿಕೊಟ್ಟಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಸೇರಿಕೊಳ್ಳಲೇಬೇಕೇ ಎಂದರೆ, ಬಲವಂತವೇನೂ ಇಲ್ಲ; ಆಟಗಳ ಗೊಡವೆಯೇ ಬೇಡವೆಂದು ಇಲ್ಲಿ ನೆಮ್ಮದಿಯಾಗಿ ಬಾಳುವವರು ಬೇಕಾದಷ್ಟಿದ್ದಾರೆ. ಆದರೆ ಮನಸ್ಸಿದ್ದರೆ ದಾರಿ ಸುಲಭ. ಮಾರ್ಚ್ ಕೊನೆಗೆ ಹೊಸ ಸೀಸನ್ ಶುರುವಾಗುತ್ತದೆ, ಸೆಪ್ಟೆಂಬರಿನವರೆಗೆ ತವರಿನಲ್ಲಿಯೇ 81 ಪಂದ್ಯಗಳಿರುತ್ತವೆ. ಏಪ್ರಿಲಿನ ವಾರದ ನಡುವಿನ ಸಂಜೆಗಳಲ್ಲಿ ಮೇಲಿನ ಅಂತಸ್ತಿನ ಟಿಕೆಟ್ಟು ಕೈಗೆಟಕುವ ಬೆಲೆಗೆ ಸಿಗುತ್ತದೆ. ಆ ಸಹೋದ್ಯೋಗಿಯನ್ನೇ ಕರೆದುಕೊಂಡು ಹೋಗಿ, ಗೊತ್ತಿಲ್ಲದ್ದನ್ನು ಅವರನ್ನೇ ಕೇಳಿ. ಹೇಳಿಕೊಡುವುದೆಂದರೆ ಅವರಿಗೂ ಇಷ್ಟ. ನನಗೂ ತಿಳಿಸಿ. ಯಜಮಾನರ ಬಳಿ ಅಂಕಿ ಬರೆಯುವುದನ್ನು ಕಲಿಯುತ್ತಿದ್ದೇನೆ, ನಿಮಗಾಗಿ ಒಂದು ರಟ್ಟಿನ ಹಾಳೆ, ಒಂದು ಪೆನ್ಸಿಲ್ ತಂದಿರುತ್ತೇನೆ.