ಮಣ್ಣು ಬೇಡದ ಗಿಡಕ್ಕೆ ನೀರಿನದೇ ತಕರಾರು

ಪ್ರಶ್ನೆ: ಮಗಳು ಬೆಂಗಳೂರಿನಿಂದ ಬರುವಾಗ ಮಣ್ಣೇ ಬೇಡದ ಏರ್ ಪ್ಲಾಂಟ್ ಅಂತ ಒಂದಷ್ಟು ಗಿಡ ತಂದುಕೊಟ್ಟಳು. ಬಾಯಿ ಚಿಕ್ಕದಿರುವ ಗಾಜಿನ ಗುಂಡುಗಳಲ್ಲಿಟ್ಟು ಹಾಲ್‌ನಲ್ಲಿ ತೂಗುಹಾಕಿದ್ದೇನೆ. ದಿನಾ ಸಂಜೆ ಬೋರಿನ ನೀರು ಸ್ಪ್ರೇ ಮಾಡುತ್ತೇನೆ. ಎಲೆ ಮೇಲೆ ಬಿಳಿ ಬೂದಿಯಂಥದ್ದು ಇತ್ತು, ಧೂಳು ಇರಬೇಕು ಅಂತ ಬಟ್ಟೆಯಿಂದ ಒರೆಸಿದೆ. ಈಗ ಒಂದರ ಎಲೆ ತುದಿ ಒಣಗಿದೆ, ಇನ್ನೊಂದರ ಬುಡ ಕಪ್ಪಾಗಿ ಮೆತ್ತಗಾಗಿದೆ. ಗಾಳಿ ಕುಡಿದೇ ಬದುಕುತ್ತೆ ಅಂದಿದ್ದರಲ್ರೀ, ಹಿಂಗ್ಯಾಕ ಆತು?
— ಓದುಗರೊಬ್ಬರು, ವಿಜಯಪುರ

ಉತ್ತರ: ಗಾಳಿ ಕುಡಿದು ಬದುಕುತ್ತೆ ಅನ್ನೋದು ಮಾರುವವರ ಮಾತು, ಅಕ್ಕಾರೆ. ಇದಕ್ಕೂ ನೀರು ಬೇಕು, ಎಲೆಯಲ್ಲೇ ಕುಡಿಯುತ್ತೆ ಅಷ್ಟೆ. ಬೇರು ಇರೋದು ಕೊಂಬೆಯನ್ನೋ ಬಂಡೆಯನ್ನೋ ಹಿಡಿದುಕೊಳ್ಳೋಕೆ. ಹೆಸರು ಟಿಲ್ಯಾಂಡ್ಸಿಯಾ, ಅನಾನಸ್ ಕುಟುಂಬದ್ದು, ಅಮೆರಿಕ ಖಂಡಗಳ ಗಿಡ.

ನೀವು ಒರೆಸಿದ್ದು ಧೂಳಲ್ಲ. ಅವು ನೀರು ಹೀರುವ ಸಣ್ಣ ಸಣ್ಣ ಹೊಟ್ಟುಗಳು. ಗಿಡವನ್ನು ನೀರಿಗೆ ಹಾಕಿ ನೋಡಿ, ಬೂದು ಬಣ್ಣದ ಎಲೆ ನಿಮ್ಮ ಕಣ್ಣೆದುರೇ ಹಸಿರಾಗುತ್ತೆ. ಆ ಹೊಟ್ಟುಗಳು ನೀರು ಕುಡಿದು ಎಲೆಗೆ ಅಂಟಿಕೊಂಡು ಒಳಗಿನ ಹಸಿರು ಕಾಣೋ ಹಾಗೆ ಮಾಡುತ್ತವೆ. ಇನ್ನು ಮೇಲೆ ಒರೆಸಬೇಡಿ, ಧೂಳು ಕೂತರೆ ನೀರಲ್ಲಿ ಅದ್ದಿ ತೆಗೆದರೆ ಸಾಕು.

ನೀರಿನ ವಿಷಯಕ್ಕೆ ಬರೋಣ, ನಮ್ಮ ಕಡೆ ಜಗಳ ಇರೋದೇ ಅಲ್ಲಿ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ವಾ, ಅದೇ ಸುಣ್ಣ, ಉಪ್ಪು ಎಲೆ ಮೇಲೂ ಕೂತುಕೊಳ್ಳುತ್ತೆ. ದಿನಾ ಸ್ಪ್ರೇ ಮಾಡಿದಷ್ಟೂ ಪದರ ದಪ್ಪ, ನೀರು ಹೀರುವ ದಾರಿ ಬಂದ್. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಆರ್‌ಓ ನೀರು ನಡೆಯುತ್ತೆ. ಆದರೆ ಗಡಸುತನ ತೆಗೆಯೋಕೆ ಟ್ಯಾಂಕಿಗೆ ಸಾಫ್ಟ್‌ನರ್ ಕೂಡಿಸಿರುತ್ತಾರಲ್ಲ, ಆ ನೀರು ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ.

ಸ್ಪ್ರೇ ಮಾಡಿದ್ದು ನಮ್ಮ ಒಣ ಹವೆಗೆ ಕ್ಷಣದಲ್ಲಿ ಆರಿಹೋಗುತ್ತೆ. ವಾರಕ್ಕೊಮ್ಮೆ ಬೋಗುಣಿಯಲ್ಲಿ 20ರಿಂದ 30 ನಿಮಿಷ ಮುಳುಗಿಸಿಡಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ವಾರಕ್ಕೆ ಎರಡು ಸಲ ಬೇಕಾಗುತ್ತೆ. ಎಲೆ ಒಳಮುಖವಾಗಿ ಸುರುಳಿ ಸುತ್ತಿದರೆ ಬಾಯಾರಿದೆ ಅಂತಲೇ ತಿಳಿಯಿರಿ.

ತೆಗೆದ ಮೇಲೆ ಮಾಡೋ ಕೆಲಸ ಇನ್ನೂ ಮುಖ್ಯ. ತಲೆಕೆಳಗೆ ಹಿಡಿದು ಚೆನ್ನಾಗಿ ಕೊಡವಿ, ಹಾಗೇ ಬೋರಲಾಗಿ ಗಾಳಿಗಿಡಿ. ಸುಳಿಯಲ್ಲಿ ನೀರು ನಿಲ್ಲಲೇಬಾರದು, ನಾಲ್ಕು ಗಂಟೆಯೊಳಗೆ ಪೂರ್ತಿ ಆರಬೇಕು. ಗಾಜಿನ ಗುಂಡಿನಲ್ಲಿ ಗಾಳಿ ಆಡೋದಿಲ್ಲ, ಒದ್ದೆ ಗಿಡ ಅಲ್ಲೇ ಕೊಳೆಯುತ್ತೆ, ನಿಮ್ಮ ಕಪ್ಪು ಬುಡದ ಕಥೆ ಅದೇ. ಅದರ ನಡುವಿನ ಎಲೆಯನ್ನು ಮೆಲ್ಲಗೆ ಎಳೆಯಿರಿ, ಕೈಗೆ ಬಂದರೆ ಆಸೆ ಬಿಡಿ. ತುದಿ ಒಣಗಿದ್ದು ಬದುಕುತ್ತೆ, ಒಣ ಭಾಗ ಕತ್ತರಿಸಿ ತೆಗೆಯಿರಿ.

ಸಂಜೆ ನೀರು ಹಾಕೋದೂ ಬಿಡಿ. ಬೇರೆ ಗಿಡಗಳ ಹಾಗಲ್ಲ ಇದು, ಹಗಲಲ್ಲಿ ನೀರು ಆವಿಯಾಗಿ ಹೋಗಬಾರದು ಅಂತ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತೆ, ಇಂಗಾಲದ ಡೈ ಆಕ್ಸೈಡ್ ತೆಗೆದುಕೊಳ್ಳೋದೂ ಆಗಲೇ. ಎಲೆ ಒದ್ದೆ ಇದ್ದರೆ ಅದಕ್ಕೆ ಅಡ್ಡಿ. ಬೆಳಗ್ಗೆಯೇ ಸ್ನಾನ ಮುಗಿಸಿ.

ಜಾಗ ಕಿಟಕಿ ಹತ್ತಿರ ಇರಲಿ, ಆದರೆ ಮಧ್ಯಾಹ್ನದ ಬಿಸಿಲು ನೇರ ಬೀಳಬಾರದು. ಗಾಜಿನ ಗುಂಡಿಗೆ ಬಿಸಿಲು ಬಿದ್ದರಂತೂ ಒಳಗಿನ ಗಿಡ ಬೆಂದೇಹೋಗುತ್ತೆ. ಸುಮ್ನೆ ಒಂದು ಕಟ್ಟಿಗೆ ತುಂಡಿನ ಮೇಲಿಡಿ, ನೋಡೋಕೂ ಚಂದ.

ಪ್ರಶ್ನೆ: ಇದು ಬದನಿಕೆ ಜಾತಿ, ಮನೆಯ ಬೇರೆ ಗಿಡಗಳನ್ನೂ ತಿನ್ನುತ್ತೆ ಅಂತಾರೆ ನಮ್ಮ ಅತ್ತೆ. ನಿಜವಾ? ಕಟ್ಟಿಗೆಗೆ ಕಟ್ಟೋಕೆ ಮನೆಯಲ್ಲಿ ತಾಮ್ರದ ತಂತಿ ಇದೆ, ಬಳಸಬಹುದಾ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಅತ್ತೆಯವರ ಅನುಮಾನ ಸಹಜ. ಬದನಿಕೆ ಮಾವಿನ ಕೊಂಬೆಯೊಳಗೆ ಬೇರಿಳಿಸಿ ಮರದ ರಸವನ್ನೇ ಹೀರುತ್ತೆ. ಏರ್ ಪ್ಲಾಂಟ್ ಹಾಗಲ್ಲ, ಕೊಂಬೆ ಮೇಲೆ ಕೂರುತ್ತೆ, ಕೊಂಬೆಯಿಂದ ಏನೂ ತೆಗೆದುಕೊಳ್ಳೋದಿಲ್ಲ. ಧೈರ್ಯವಾಗಿ ಸಾಕಿ.

ತಾಮ್ರ ಮಾತ್ರ ಬೇಡವೇ ಬೇಡ, ಈ ಗಿಡಕ್ಕೆ ಅದು ವಿಷ. ನೈಲಾನ್ ದಾರ ಕಟ್ಟಿ. ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರನ್ನೂ ಇದಕ್ಕೆ ಹಾಕಬೇಡಿ, ಅದು ನಿಮಗೇ ಇರಲಿ.

ಪ್ರಶ್ನೆ: ನನ್ನ ಗಿಡದ ಎಲೆ ಕೆಂಪಾಗಿ ನೇರಳೆ ಹೂ ಬಿಟ್ಟಿತು. ಈಗ ಸೊರಗುತ್ತಿದೆ. ಮಳೆಗಾಲದಲ್ಲಿ ನೀರು ಜಾಸ್ತಿಯಾಯಿತಾ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಇದು ಬಾಳೆಯ ಹಾಗೆ, ಒಂದೇ ಸಲ ಹೂ ಬಿಟ್ಟು ತಾಯಿ ಗಿಡ ನಿಧಾನಕ್ಕೆ ಒಣಗುತ್ತೆ. ಬುಡ ನೋಡಿ, ಮರಿ ಬಂದಿರಬಹುದು. ತಾಯಿಯ ಅರ್ಧದಷ್ಟು ಬೆಳೆಯುವ ತನಕ ಬಿಡಿಸಬೇಡಿ. ಮಳೆ ಹಿಡಿದಾಗ ನಿಮ್ಮಲ್ಲಿ ಗಾಳಿಯೇ ತೇವ, ಆಗ ಮುಳುಗಿಸೋದು ಕಡಿಮೆ ಮಾಡಿ. ಮುಳುಗಿಸಿದ ದಿನ ಫ್ಯಾನ್ ಕೆಳಗೆ ಆರಿಸಿ.