ಹೋಗಲಿಲ್ಲ ಅಲ್ಲ, ಬಿಡಲಿಲ್ಲ

ನಾನು ಆಪ್ತಸಲಹೆಗಾರ್ತಿ. ಇಂಥ ಪ್ರಕರಣ ನನ್ನ ಹತ್ತಿರ ಬಂದಿರುವುದು ಇದು ಮೂರನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ರಾಯಚೂರು ಜಿಲ್ಲೆಯ ಒಂದು ಸಂಸ್ಥೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಹುಡುಗಿ, ಬಾಲ್ಯವಿವಾಹ ತಡೆಯುವ ಕೆಲಸ. ಕಳಿಸಿದವರು ಅವಳ ಮೇಲ್ವಿಚಾರಕರೇ. "ಓದಿದಾಳ್ರಿ, ಆದ್ರ ಧೈರ್ಯ ಇಲ್ಲ. ಸ್ವಲ್ಪ ಕಾನ್ಫಿಡೆನ್ಸ್ ತುಂಬ್ರಿ" ಅಂದಿದ್ದರು. ನಾನೂ ನಂಬಿದೆ. ಎರಡು ಭೇಟಿ ಉಸಿರಾಟದ ಅಭ್ಯಾಸ, ಕನ್ನಡಿ ಮುಂದೆ ಮಾತಾಡೋದು ಅಂತಲೇ ಕಳೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ಭೇಟಿಗೆ ಫೀಲ್ಡ್ ಡೈರಿ ತಂದಿದ್ದಳು. ಒಂದು ಪುಟದಲ್ಲಿ "ಮನೆಯೊಳಗೆ ಹೋಗಲಿಲ್ಲ, ಕಟ್ಟೆ ಮೇಲೆ ಮಾತಾಡಿದೆ" ಅಂತಿತ್ತು. ಪಕ್ಕದಲ್ಲಿ ಮೇಲ್ವಿಚಾರಕರ ಕೆಂಪು ಪೆನ್ನಿನಲ್ಲಿ, "ಯಾಕೆ? ಜನರ ಜೊತೆ ಬೆರೆಯುವುದನ್ನು ಕಲಿಯಿರಿ."

"ಯಾಕೆ ಹೋಗಲಿಲ್ಲಮ್ಮ?" ನಾನೂ ಅದನ್ನೇ ಕೇಳಿದೆ ನೋಡಿ.

"ಕರೀಲಿಲ್ರಿ ಮೇಡಂ. ಮೊದ್ಲು ಯಾವ ಮಂದಿ ಅಂತ ಕೇಳಿದ್ರು. ಹೇಳಿದೆ. ಆಮ್ಯಾಲ ಅಂಗಡಿಯಿಂದ ಪ್ಲಾಸ್ಟಿಕ್ ಗ್ಲಾಸ್ ತರಿಸಿ ಅದರಾಗ ನೀರು ಕೊಟ್ರು."

"ಸರ್‌ಗೆ ಹೇಳಿದ್ಯಾ?"

"ಹೇಳೀನ್ರಿ. ನಮ್ಮ ಆಫೀಸಿನಾಗ ಜಾತಿ ಗೀತಿ ಇಲ್ಲವ್ವ ಅಂದ್ರು." ಡೈರಿ ಮುಚ್ಚಿದಳು. "ಆಫೀಸಿನಾಗ ಇಲ್ರಿ. ನಾ ಕೆಲ್ಸ ಮಾಡೋದು ಊರಾಗ."

ಆ ಸರ್ ಕೆಟ್ಟವರಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿ ಊರಿನಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯಕ್ಕೆ 2024ರಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ, ಪೇಪರ್ ಓದಿ, ದಲಿತರಿಗೆ ಹಿಂಗೆ ಆಯ್ತಲ್ಲ ಅಂತ ನನ್ನ ಹತ್ತಿರ ಬೇಜಾರು ಮಾಡಿಕೊಂಡವರು. ಅಲ್ಲೂ ಮಾತು ಬೆಳೆದಿದ್ದು ಕ್ಷೌರದಂಗಡಿ, ಹೋಟೆಲಿನ ಬಾಗಿಲಲ್ಲೇ ಅಲ್ವಾ? ಬ್ರಿಟನ್ನಿನ ಸಮಾಜಕಾರ್ಯ ತರಬೇತಿ ಮಂಡಳಿ 1989ರಲ್ಲೇ ವರ್ಣಭೇದ ಎದುರಿಸುವುದನ್ನು ಕಲಿಕೆಯ ನಿಯಮದಲ್ಲಿ ಸೇರಿಸಿತು. ನಾವು ಅದನ್ನು ಯಾವುದೋ ದೂರದ ದೇಶದ ಸಂಗತಿ ಅಂತ ಓದಿ ಪರೀಕ್ಷೆ ಬರೆದು ಬಂದೆವು.

ಅವಳಿಗೆ ಹೇಳಿದ್ದು ಇಷ್ಟೆ: "ಹೋಗಲಿಲ್ಲ ಅಂತ ಬರೀಬೇಡ, ಒಳಗೆ ಬಿಡಲಿಲ್ಲ ಅಂತ ಬರಿ." ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಬಗ್ಗೆಯೂ ತಿಳಿಸಿದೆ. ದೂರು ಕೊಡುವುದು ಬಿಡುವುದು ಅವಳ ತೀರ್ಮಾನ. ಅದೇ ಊರಲ್ಲಿ ನಾಳೆಯೂ ಓಡಾಡಬೇಕಾದವಳು ಅವಳು, ನಾನಲ್ಲ.

ಅವಳ ಒಪ್ಪಿಗೆ ಪಡೆದು ಸರ್ ಜೊತೆಗೂ ಮಾತಾಡಿದೆ. ಅವರು ತಕ್ಷಣ, "ಹಂಗಾದ್ರ ಆಕೀನ್ನ ಆಕಿ ಮಂದಿ ಓಣಿಗೇ ಹಾಕ್ತೀನಿ" ಅಂದರು. ಬೇಡ ಅಂದೆ. ತಪ್ಪು ಆ ಮನೆಯವರದು, ಜಾಗ ಬಿಡುವವಳು ಇವಳಾ? ವಾರದ ಮೀಟಿಂಗಿನಲ್ಲಿ ಟಾರ್ಗೆಟ್ ಲೆಕ್ಕಕ್ಕೆ ಮುಂಚೆ "ಅಲ್ಲಿ ನಿನ್ನನ್ನು ಹೇಗೆ ನಡೆಸಿಕೊಂಡರು?" ಅಂತ ಕೇಳಿ, ಆ ಮನೆಗೆ ಒಮ್ಮೆ ಜೊತೆಗೆ ಹೋಗಿ ಅಂದೆ.

ಆಪ್ತಸಲಹೆಗಾರ್ತಿಗೆ ಆಫೀಸಿನ ಉಸಾಬರಿ ಯಾಕೆ ಅಂತ ಗೆಳತಿಯರು ಬೈದರು. ಇರಬಹುದು. ಆದರೆ ಗಾಯ ಒಬ್ಬರ ಕಾಲಲ್ಲಿದ್ದು, ಮುಳ್ಳು ದಾರಿಯಲ್ಲೇ ಬಿದ್ದಿದ್ದರೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರೋದು ನನ್ನಿಂದಾಗದು.

ಹದಿನೈದು ದಿನಕ್ಕೆ ಸರ್ ಫೋನ್ ಬಂತು. ಜೊತೆಗೆ ಹೋಗಿದ್ದರಂತೆ. ಅವರಿಗೆ ಒಳಗೆ ಕುರ್ಚಿ, ಸ್ಟೀಲ್ ಲೋಟದಲ್ಲಿ ಚಹಾ. ಅವಳಿಗೆ ಅದೇ ಕಟ್ಟೆ, ಅದೇ ಪ್ಲಾಸ್ಟಿಕ್ ಗ್ಲಾಸ್.

"ಚಹಾ ಕುಡಿದ್ರಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅರ್ಧ ಕುಡಿದಿದ್ದೆ ಮೇಡಂ. ಆಮ್ಯಾಲ ಆಕೀನ್ನ ನೋಡಿದೆ."